ಭಾವನ ಕಾಲಳತೆಯ ತಿಗರಿ

ಮಾರ್ಚ್ ೧೪, ಗುರುವಾರ

ತಲೆ ಕೆಟ್ಟು ಕೆರ ಹಿಡಿದಿದೆ. ನನ್ನ ಹತ್ತಿರ ಇರುವಂಥ, ಕಾಲಿನಿಂದ ಒದ್ದು ತಿರುಗಿಸುವ, ಮಡಕೆ ಮಾಡುವ ತಿಗರಿಯೇ ಅಕ್ಕನಿಗೂ ಬೇಕೆಂದು ಮೂರು ಸಂಜೆ ಕೂತು ಅಳತೆ ಸಮೇತ ನಕ್ಷೆ ಬರೆದುಕೊಟ್ಟೆ. ಭಾವ ಕಟ್ಟಿದರು. ಇವತ್ತು ಬೆಳಗಿನಿಂದ ಅಕ್ಕನದು ಐದು ಫೋನು.

"ನಿನ್ನ ನಕ್ಷೇನೇ ತಪ್ಪು ಕಣೇ. ನನ್ನ ಕಾಲು ಕೆಳಗಿನ ಗಾಲಿಗೆ ಎಟುಕ್ತಾನೇ ಇಲ್ಲ."

ಕೂರುವವರ ಕಾಲು ಅಳೆದೇ ಸೀಟು ಕೂರಿಸಿ ಎಂದು ಕೆಂಪು ಶಾಯಿಯಲ್ಲಿ ಬರೆದಿದ್ದೆ. ಓದಿದರೆ ತಾನೆ! ಮಧ್ಯಾಹ್ನ ನಾನೇ ಹೋದೆ. ಸೀಟಿನಲ್ಲಿ ಭಾವನೇ ಕೂತಿದ್ದರು. ಗಾಲಿ ಎಳ್ಳಷ್ಟೂ ಅಲುಗದೆ ತಿರುಗುತ್ತಿತ್ತು, ನನ್ನದಕ್ಕಿಂತ ಚೆನ್ನಾಗಿ. ಅದಕ್ಕೂ ಹೊಟ್ಟೆ ಉರಿಯಿತು.

"ಯಾರ ಕಾಲು ಅಳೆದ್ರಿ ಭಾವ?"

"ನಂದೇ. ಅವಳಿಗ್ಯಾಕೆ ತೊಂದ್ರೆ ಅಂತ."

"ಸೀಟು ನಾಲ್ಕಿಂಚು ಇಳಿಸಿ, ಸಾಕು."

"ಇಳಿಸೋಣ, ಇಳಿಸೋಣ" ಎಂದರು, ಏಳಲಿಲ್ಲ. ಮೊಣಕೈವರೆಗೂ ಮಣ್ಣು. ವಾಲಿದ ಬಟ್ಟಲೊಂದನ್ನು ಎರಡೂ ಕೈಯಲ್ಲಿ ಬಳಸಿ, ಉಸಿರು ಬಿಗಿಹಿಡಿದು ಕೂತಿದ್ದರು.

ಅಕ್ಕ ಬಾಗಿಲಲ್ಲಿ ನಿಂತು ಗೊಣಗಿದಳು: "ನಾಲ್ಕು ದಿನದಿಂದ ಹೀಗೇ. ಊಟಕ್ಕೂ ಏಳಲ್ಲ."

ಅವಳ ಮುಖ ನೋಡಲಾಗದೆ ಟೇಪು ಹಿಡಿದು ಅಕ್ಕನ ಕಾಲು ಅಳೆದುಕೊಂಡು ಬಂದೆ. ಈಗ ಕಣ್ಣು ಎಳೆಯುತ್ತಿದ್ದರೂ ಹೊಸ ಹಾಳೆಯಲ್ಲಿ ಅವಳಿಗೇ ಇನ್ನೊಂದು ತಿಗರಿ ಬರೆಯುತ್ತಿದ್ದೇನೆ. ಸೀಟಿನಿಂದ ಗಾಲಿಗೆ ಇಪ್ಪತ್ತು ಇಂಚು. ಆದರೆ ಕಟ್ಟಬೇಕಾದ ಮನುಷ್ಯ ಆ ಸೀಟು ಬಿಟ್ಟು ಎದ್ದರೆ ತಾನೆ...