ಓದದೆ ಹಾಕಿದ ಐದು ಸಹಿ

ಸಂಶೋಧನಾ ಪತ್ರಿಕೆಯ ಪ್ರಧಾನ ಸಂಪಾದಕರಾದ ಮಾನ್ಯರೇ,

ಹೋದ ವರ್ಷ ನಿಮ್ಮಲ್ಲಿ ಅಚ್ಚಾದ ನನ್ನ ಲೇಖನದಲ್ಲಿ ಒಂದು ತಪ್ಪಿದೆ. ತಪ್ಪು ನನ್ನದೇ. ತಿದ್ದಿಸಲು ನಾಲ್ಕು ತಿಂಗಳಿಂದ ನಿಮ್ಮ ಬಾಗಿಲು ಬಡಿಯುತ್ತಿದ್ದೇನೆ. ‘ಆರೂ ಲೇಖಕರ ಸಹಿ ಬೇಕು’ ಎಂಬ ಒಂದೇ ಉತ್ತರ ಬರುತ್ತಿದೆ.

ಆ ಆರು ಮಂದಿ ಯಾರೆಂದು ಎಂದಾದರೂ ವಿಚಾರಿಸಿದ್ದೀರಾ? ನೀರು ಬೆರೆಸಿ ಕೊಡುವ ಮಕ್ಕಳ ಸಿರಪ್ ಎಷ್ಟು ದಿನ ಕೆಡದೆ ಉಳಿಯುತ್ತದೆಂದು ಎರಡು ವರ್ಷ ಪರೀಕ್ಷಿಸಿದವಳು ನಾನೊಬ್ಬಳೇ. ಮೊದಲ ಹೆಸರು ಮಾತ್ರ ನಮ್ಮ ಸಂಸ್ಥೆಯ ನಿರ್ದೇಶಕರದು, ಕಟ್ಟಡ ಅವರದಲ್ಲವೇ! ಎರಡನೆಯದು ಫ್ರಿಡ್ಜಿನ ಬೀಗದ ಕೈ ಇಟ್ಟುಕೊಂಡ ವಿಭಾಗದ ಮುಖ್ಯಸ್ಥರದು. ಮೂರನೆಯವರು ನಿರ್ದೇಶಕರ ಅಳಿಯಂದಿರು. ಬಡ್ತಿಗೆ ಒಂದು ಲೇಖನ ಕಡಿಮೆ ಬಿದ್ದಿತ್ತಂತೆ. ಇನ್ನಿಬ್ಬರ ಮುಖವನ್ನೇ ನಾನು ಕಂಡಿಲ್ಲ. ಆದರೂ ‘ಎಲ್ಲರೂ ಓದಿ ಒಪ್ಪಿದ್ದೇವೆ’ ಎಂಬ ನಿಮ್ಮ ನಮೂನೆಯ ಮೇಲೆ ಐದೂ ಸಹಿ ಒಂದೇ ಮಧ್ಯಾಹ್ನ ಬಿದ್ದವು. ನಾನೂ ಬಾಯಿ ಮುಚ್ಚಿಕೊಂಡು ಕೊನೆಯಲ್ಲಿ ಸಹಿ ಹಾಕಿದೆ. ಅದಕ್ಕೆ ಈಗಲೂ ನಾಚಿಕೆಯಾಗುತ್ತದೆ.

ಕೋಷ್ಟಕ ಬರೆಯುವಾಗ ಫ್ರಿಡ್ಜಿನ ಕಾಲಂ ಮತ್ತು ಹೊರಗಿನ ಕಪಾಟಿನ ಕಾಲಂ ಅದಲುಬದಲು ಮಾಡಿಬಿಟ್ಟಿದ್ದೆ. ಹೊರಗಿಟ್ಟರೆ ಐದೇ ದಿನಕ್ಕೆ ಕೆಡುವ ಸಿರಪ್ ಹದಿನಾಲ್ಕು ದಿನ ಬಾಳುತ್ತದೆಂದು ಅಚ್ಚಾಯಿತು. ಐವರಲ್ಲಿ ಒಬ್ಬರಾದರೂ ಓದಿದ್ದರೆ, ಫ್ರಿಡ್ಜಿನಲ್ಲಿಟ್ಟದ್ದೇ ಬೇಗ ಕೆಡುವುದು ಯಾವ ಲೋಕದಲ್ಲಿ ಎಂದು ಕೇಳುತ್ತಿರಲಿಲ್ಲವೇ? ನಿಮ್ಮ ಪರಿಶೀಲಕರಾದರೂ?

ಕೇಳಿದ್ದು ಮಕ್ಕಳ ಚಿಕಿತ್ಸಾಲಯದಲ್ಲಿ ನರ್ಸ್ ಆಗಿರುವ ನನ್ನ ತಂಗಿ. “ಅಕ್ಕಾ, ನಿನ್ನ ಲೇಖನ ನೋಡಿ ಡಾಕ್ಟ್ರು ಬಾಟ್ಲಿನೆಲ್ಲ ಹೊರಗಿಡ್ಸಿದಾರೆ. ಇದೇನು, ಎಲ್ಲಾ ಉಲ್ಟಾ ಇದ್ಯಲ್ಲ?” ಎಂದಳು. ನನ್ನ ಪ್ರಯೋಗದ ದಾಖಲೆ ತೆಗೆದು ನೋಡಿದೆ, ಅವಳೆಂದದ್ದೇ ನಿಜ.

ತಿದ್ದುಪಡಿ ಹಿಡಿದು ನಿರ್ದೇಶಕರ ಬಳಿಗೆ ಓಡಿದೆ. “ನೋಡಮ್ಮ, ತಪ್ಪಿನ ಕೆಳಗೆ ನಾನ್ಯಾಕೆ ಸಹಿ ಹಾಕ್ಲಿ? ಕೆಲಸ ಮಾಡಿದ್ದು ನೀನು ತಾನೆ?” ಎಂದರು. ಸದ್ಯ, ಅಷ್ಟನ್ನಾದರೂ ಒಪ್ಪಿಕೊಂಡರು! ಅಳಿಯಂದಿರು ಬಡ್ತಿಯ ಆದೇಶ ಬರುವತನಕ ತಡೆಯಲು ಹೇಳಿದ್ದಾರೆ.

ತಂಗಿಯ ಚಿಕಿತ್ಸಾಲಯದ ಬಾಟಲಿಗಳು ಅಂದೇ ಫ್ರಿಡ್ಜಿಗೆ ಮರಳಿದವು. ನಿಮ್ಮ ಪತ್ರಿಕೆಯನ್ನು ನಂಬಿ ಹೊರಗಿಟ್ಟಿರುವ ಉಳಿದವರಿಗೆ ಯಾರು ಹೇಳಬೇಕು? ಕೆಟ್ಟ ಔಷಧಿ ಕುಡಿದ ಮಗುವಿನ ಜ್ವರ ನಿಮ್ಮ ನಿಯಮಾವಳಿ ಓದಿ ಇಳಿಯುತ್ತದೆಯೇ?

ಲೇಖನದ ಗೌರವವನ್ನು ಆ ಐವರೇ ಇಟ್ಟುಕೊಳ್ಳಲಿ, ಬೇಕಾದರೆ ನನ್ನ ಹೆಸರು ಕಿತ್ತುಹಾಕಿ. ತಿದ್ದುಪಡಿಯನ್ನು ಮಾತ್ರ ನನ್ನೊಬ್ಬಳ ಸಹಿಯಲ್ಲಿ ಈ ವಾರವೇ ಅಚ್ಚುಮಾಡಿ.

ಇಂತಿ,
ಲೇಖನಕ್ಕೆ ಆರನೆಯವಳು, ತಪ್ಪಿಗೆ ಏಕೈಕ ಲೇಖಕಿ