ನಾನು ಹಾಕಿದ ರುಜು

ಜೂನ್ ೨೭, ಶುಕ್ರವಾರ. ಮೊಂಟಾನಾ, ಡೇರೆಯೊಳಗೆ.

ಇಂದು ನಾನು ರುಜು ಹಾಕಿಬಿಟ್ಟೆ. ಆ ಕೈ ನನ್ನದಲ್ಲವೇನೋ ಅನ್ನಿಸುತ್ತಿದೆ.

ಸರ್ಕಾರಿ ಕಾಡಿನಲ್ಲಿ ಎಪ್ಪತ್ತೈದು ಅಥವಾ ಹೆಚ್ಚು ಜನ ಸೇರಿದರೆ ಯಾರಾದರೊಬ್ಬರು ಪರವಾನಗಿಗೆ ಸಹಿ ಮಾಡಲೇಬೇಕು. ಪ್ರತಿ ಬೇಸಿಗೆ ಇಂಥ ಕಾಡಿನಲ್ಲೇ ನಡೆಯುವ ನಮ್ಮ ಹಬ್ಬಕ್ಕೆ ಸಾವಿರಾರು ಜನ ಬರುತ್ತಾರೆ, ಆದರೆ ಮುಖಂಡರೇ ಇಲ್ಲ. ಆದ್ದರಿಂದ ಯಾರೂ ಸಹಿ ಮಾಡುವುದಿಲ್ಲ ಎಂದು ಮೂವತ್ತು ವರ್ಷ ಹಟ ಹಿಡಿದವರು ನಾವು. ಅದಕ್ಕಾಗಿ ಒಮ್ಮೆ ನನ್ನ ಹಳೆಯ ಜೊತೆಗಾರ ಓರಿನ್, ಅವನ ತಮ್ಮ ವೆಂಡೆಲ್, ನಾನು ಮೂವರೂ ಜೈಲಿನಲ್ಲಿ ಕೂತಿದ್ದೆವು.

ಕಳೆದ ವರ್ಷದ ಹಬ್ಬದಲ್ಲಿ ವೆಂಡೆಲ್ ಎದೆ ಹಿಡಿದುಕೊಂಡು ಬಿದ್ದ. ಆಂಬುಲೆನ್ಸ್ ಬರಲೆಂದು ದಾರಿಗೆ ಅಡ್ಡ ನಿಂತ ಗಾಡಿಗಳನ್ನು ಸರಿಸುವಷ್ಟರಲ್ಲಿ ಅವನ ಕೈ ತಣ್ಣಗಾಗಿತ್ತು.

ಬೆಳಿಗ್ಗೆ ಅರಣ್ಯಾಧಿಕಾರಿ ಟೆಸ್ ಪರವಾನಗಿಯ ಕಾಗದ ಹಿಡಿದು ಬಂದಳು. "ದಾರಿ ಖಾಲಿ ಬಿಡ್ಬೇಕು, ಆಂಬುಲೆನ್ಸ್ ಇಲ್ಲೇ ನಿಂತಿರ್ಬೇಕು. ಇದಕ್ಕೆ ಯಾರ್ ಹೊಣೆ ಹೊರ್ತೀರಪ್ಪಾ?" ನಾನು ಪೆನ್ನು ತೆಗೆದುಕೊಂಡೆ.

"ವೆಂಡೆಲ್ ಇದ್ದಿದ್ರೆ ನಿನ್ ಮುಖ ನೋಡ್ತಿರ್ಲಿಲ್ಲ ಕಣೇ, ವರ್ನಾ," ಎಂದ ಓರಿನ್.

"ನೋಡೋದು ಬೇಡ ಬಿಡು. ಇದ್ದಿದ್ರೆ ಸಾಕಾಗಿತ್ತು."

ಅವನು ಎದ್ದು ಹೋದ. ಊಟಕ್ಕೂ ಬರಲಿಲ್ಲ. ಹೊರಟೇಹೋದನೆಂದುಕೊಂಡೆ.

ಸಂಜೆ ನೀರಿಗೆಂದು ಇಳಿದಾಗ ಕಂಡ. ದಾರಿಯಲ್ಲಿದ್ದ ಗಾಡಿಗಳನ್ನು ಒಬ್ಬೊಬ್ಬರಿಗೇ ಹೇಳಿ ಬದಿಗೆ ತೆಗೆಸುತ್ತಿದ್ದ. ನಾನು ಹತ್ತಿರ ಹೋದರೂ ತಿರುಗಿ ನೋಡಲಿಲ್ಲ. ಬಿಂದಿಗೆ ಕೆಳಗಿಟ್ಟು ನಾನೂ ಒಂದು ಗಾಡಿ ತಳ್ಳಿದೆ. ಅವನು ಅದರ ಇನ್ನೊಂದು ಮೂಲೆಗೆ ಹೆಗಲು ಕೊಟ್ಟ.

ನಾಳೆ ಮಾತಾಡುತ್ತಾನೋ ಇಲ್ಲವೋ. ಕಣ್ಣು ಎಳೆಯುತ್ತಿದೆ, ಇನ್ನು…