ಪಡುವಣ ಕಿಟಕಿ

ಔರಂಗಾಬಾದ್
29 ನವೆಂಬರ್ 1968

ಚಿ. ಸೌ. ಸುಶೀಲಾ,

ನಿನ್ನ ಅವ್ವ ಇನ್ನೂ ಇದ್ದಾಳೆ, ಕೂತು ಪತ್ರ ಬರೆಯುವಷ್ಟು ಇದ್ದಾಳೆ. ಓಝರ್‌ನಿಂದ ನೀನು ಹಾಕಿದ ಪತ್ರಗಳು ದೇವರ ಜಗಲಿಯ ಮೇಲೆಯೇ ಕೂತಿವೆ. ಉತ್ತರ ತಡವಾಯಿತು, ಬೈದುಕೋ. ಆದರೆ ಸಿಟ್ಟಿನಲ್ಲಿ ಊಟ ಬಿಡಬೇಡ, ಬಸುರಿಗೆ ಅದು ಒಳ್ಳೆಯದಲ್ಲ. ವಿಮಾನ ಕಾರ್ಖಾನೆಯಲ್ಲಿ ಅಳಿಯಂದಿರ ರಾತ್ರಿ ಪಾಳಿ ಮುಗಿಯಿತೇ? ನಿನ್ನ ಅತ್ತೆಯವರ ಮೊಣಕಾಲು ಹೇಗಿದೆ?

ಇಲ್ಲಿ ನಿನ್ನ ಅಪ್ಪ ಬಟ್ಟೆ ಅಂಗಡಿಗೆ ತಡವಾಗಿ ಹೋಗಿ ಬೇಗ ಬರುತ್ತಾರೆ. ಪಕ್ಕದ ಮನೆಯ ರುಕ್ಮಿಣಿಬಾಯಿ ಬೆಳಗ್ಗೆ ರೊಟ್ಟಿ ಬಡಿದು ಕೊಟ್ಟು ಹೋಗುತ್ತಾಳೆ. ಇಷ್ಟು ವರ್ಷ ಅವಳ ರೊಟ್ಟಿ ದಪ್ಪವೆಂದು ಆಡಿಕೊಂಡೆನಲ್ಲ, ಈಗ ತೆಪ್ಪಗೆ ತಿನ್ನುತ್ತಿದ್ದೇನೆ.

ಬಾಣಂತನಕ್ಕೆ ಯಾವಾಗ ಬರಲಿ ಎಂದು ಕೇಳಿದ್ದೀಯ. ಅದಕ್ಕೆ ಉತ್ತರ ಬರೆಯಲಾಗದೆಯೇ ಇಷ್ಟು ದಿನ ಸುಮ್ಮನಿದ್ದೆ. ಬರಬೇಡ ತಾಯಿ. ಓಝರಿನಲ್ಲೇ ಇರು.

ಅಳಬೇಡ, ಮೊದಲು ಪೂರ್ತಿ ಓದು. ನೀನು ಬಸುರಿ ಎಂದು ತಿಳಿದ ದಿನವೇ ನಿನ್ನ ಅಪ್ಪ ಹಟ ಹಿಡಿದರು. "ಚೊಚ್ಚಲ ಬಾಣಂತನ ಅದ. ಈ ದಮ್ಮು ಇಟ್ಕೊಂಡು ಹೆಂಗ ಮಾಡ್ತಿ? ಸಮುದ್ರದ ಗಾಳಿ ಎದೀಗಿ ಛೊಲೊ ಅಂತ ಡಾಕ್ಟರ್ ಸಾಹೇಬ್ರು ಅಂದಾರ. ನಡಿ, ನಾಕ್ ದಿನ ಇದ್ದು ಬರಮು." ಕೊಂಕಣದ ಒಂದು ಹಳ್ಳಿಯಲ್ಲಿ ಅಂಗಡಿಯ ಗಿರಾಕಿಯೊಬ್ಬರ ಮನೆ ಖಾಲಿಯಿತ್ತು. ದೀಪಾವಳಿ ಮುಗಿಸಿ ಹೊರಟೆವು. ಬಸ್ಸಿನಲ್ಲಿ ಅವರ ಉತ್ಸಾಹ ನೋಡಬೇಕಿತ್ತು ನೀನು, ಮದುವೆ ದಿಬ್ಬಣಕ್ಕೆ ಹೊರಟವರ ಹಾಗಿದ್ದರು.

ಬೀದರಿನಲ್ಲಿ ಹುಟ್ಟಿ ಇಲ್ಲಿಗೆ ಬಂದವರು ನಾವು, ಇಬ್ಬರೂ ಸಮುದ್ರ ಕಂಡವರಲ್ಲ. ಕ್ಯಾಲೆಂಡರಿನಲ್ಲಿ ಅದು ನೀಲಿ. ಅಲ್ಲಿ ನೋಡಿದರೆ ಕೆಮ್ಮಣ್ಣು ಕಲಸಿದ ನೀರು, ದಡದ ಉದ್ದಕ್ಕೂ ಸತ್ತ ಮೀನು. ಒಣಮೆಣಸಿನಕಾಯಿ ಹುರಿದ ಮನೆಯಲ್ಲಿ ನಿಂತಂತೆ ಗಂಟಲು ಕೆರೆತ, ಕಣ್ಣು ಉರಿ. ಮೀನು ತಿನ್ನುವವರು ಯಾರೇ ಆಗಿದ್ದರೂ ಏನೋ ಕೆಟ್ಟಿದೆ ಎಂದು ತಿರುಗಿ ಹೋಗುತ್ತಿದ್ದರು. ಮೀನಿನ ಬುಟ್ಟಿ ಎದುರಾದರೆ ಮೂಗಿಗೆ ಸೆರಗು ಹಿಡಿಯುವ ಜನ ನಾವು. ಸಮುದ್ರವೆಂದರೆ ಹೀಗೇ ಇರಬೇಕು ಎಂದುಕೊಂಡೆವು.

ಮೀನುಗಾರರ ಹೆಂಗಸೊಬ್ಬಳು ಬಾಯಿಗೆ ಸೆರಗು ಒತ್ತಿಕೊಂಡು ಕೆಮ್ಮುತ್ತ ಬಂದಳು. "ಬಾಯಿ, ಘರಾತ್ ಜಾ. ವಾರಾ ವಾಯೀಟ್ ಆಹೆ" ಎಂದಳು. ಗಾಳಿ ಕೆಟ್ಟಿದೆ, ಮನೆಯೊಳಗೆ ಹೋಗು ಅಂತ. ಅವಳು ಹೋದಮೇಲೆ ನಿನ್ನ ಅಪ್ಪ ನಕ್ಕರು. "ನಮ್ಮ ಹಣೀ ಮ್ಯಾಲಿನ ಈಬತ್ತಿ ನೋಡಿ, ಮೀನಿನ ವಾಸನಿಗಿ ನಾಚ್ಕೊಂಡಾಳ ಪಾಪ. ನೀ ಉಸುರು ತಗೋ. ಜೋರ್ಲೆ ತಗೋ." ನಾನು ಕೆಮ್ಮಿದರೆ ಅವರಿಗೆ ಹಿಗ್ಗು. "ಕಫ ಕರಗಿ ಹೊರಗ ಬರ್ಲಿಕತ್ತದ ನೋಡು!" ತಾವೂ ಕೆಮ್ಮುತ್ತಿದ್ದರು, ಕಣ್ಣೊರೆಸಿಕೊಂಡು ಮತ್ತೆ ನಗುತ್ತಿದ್ದರು. ಬೆಳಗೂ ಸಂಜೆಯೂ ಅಲೆಗೆ ಎದುರಾಗಿ ಕೂತೆವು. ಅಷ್ಟುದ್ದ ದಡಕ್ಕೆ ನಾವಿಬ್ಬರೇ ಒಡೆಯರು ಎಂದು ಅವರಿಗೆ ಸಂತೋಷವೋ ಸಂತೋಷ.

ಒಂದು ಸಂಜೆ ಉಸಿರು ಒಳಗೆ ಹೋಗುವುದೇ ನಿಂತಿತು. ಎತ್ತಿನ ಗಾಡಿಯಲ್ಲಿ ತಾಲ್ಲೂಕಿನ ದವಾಖಾನೆಗೆ ಒಯ್ದರಂತೆ, ನನಗೆ ನೆನಪಿಲ್ಲ. ಅಲ್ಲಿನ ಡಾಕ್ಟರರು ಆಮೇಲೆ ಬಿಡಿಸಿ ಹೇಳಿದರು. ಕಡಲಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಗಳು ಕೆಲವು ಸಲ ವಿಪರೀತ ಹೆಚ್ಚಿ ನೀರಿನ ಬಣ್ಣವೇ ಬದಲಾಗುತ್ತದೆ. ಅವುಗಳಲ್ಲಿ ಕೆಲವಕ್ಕೆ ವಿಷವಿರುತ್ತದೆ. ಅಲೆ ಒಡೆದಾಗ ಆ ವಿಷ ತುಂತುರಿನ ಜೊತೆ ಗಾಳಿಗೆ ಸೇರುತ್ತದೆ. ಗಟ್ಟಿ ಎದೆಯವರು ದಡ ಬಿಟ್ಟು ದೂರ ಹೋದರೆ ಸುಧಾರಿಸಿಕೊಳ್ಳುತ್ತಾರೆ, ದಮ್ಮಿನವರಿಗೆ ಅದು ಪ್ರಾಣಕ್ಕೇ ಕುತ್ತು ತರುತ್ತದೆ. "ಊರಿಗೆ ಊರೇ ಬಾಗಿಲು ಹಾಕಿಕೊಂಡು ಕೂತಿದೆ, ನೀವು ಗಾಳಿಗೆ ಮುಖ ಕೊಟ್ಟು ಕೂತಿದ್ದಿರಾ?" ಎಂದು ಕೇಳಿದರು. ನಿನ್ನ ಅಪ್ಪ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದರು.

ಅದರ ಬೆನ್ನಿಗೇ ನ್ಯುಮೋನಿಯಾ ಹಿಡಿಯಿತು. ಇದರಲ್ಲಿ ಸಮುದ್ರದ ಪಾಲು ಎಷ್ಟು, ಹಳೇ ರೋಗದ ಪಾಲು ಎಷ್ಟು ಎಂದು ಹೇಳಲು ಬಾರದು ಎನ್ನುತ್ತಾರೆ ಇಲ್ಲಿನ ಡಾಕ್ಟರು. ನನಗೂ ಆ ಲೆಕ್ಕ ಬೇಡವಾಗಿದೆ. ಅಡುಗೆ ಮನೆಯಿಂದ ಬಚ್ಚಲಿಗೆ ಹೋಗಲು ನಡುವೆ ಒಮ್ಮೆ ಕೂರಬೇಕು. ಬಾಣಂತಿಗೆ ನೀರು ಹಾಕುವುದು, ಕೂಸಿಗೆ ಎಣ್ಣೆ ಹಚ್ಚಿ ಎರೆಯುವುದು, ಇದೆಲ್ಲ ನನ್ನ ಕೈಲಿ ಆಗದು. ನಿನ್ನ ಅತ್ತೆ ಬಾಯಿ ಜೋರಾದರೂ ಕೈ ಮೆತ್ತಗೆ, ಚೆನ್ನಾಗಿ ನೋಡಿಕೊಳ್ಳುತ್ತಾರೆ.

ಇನ್ನೊಂದು ಮಾತು. ಸಂಜೆ ಗಾಳಿ ಎದ್ದರೆ ನಿನ್ನ ಅಪ್ಪ ಪಡುವಣ ಕಿಟಕಿ ಮುಚ್ಚಿ ಚಿಲಕ ಹಾಕುತ್ತಾರೆ. "ಇಲ್ಲೆಲ್ಲಿ ಸಮುದ್ರ ಅದ್ರಿ, ಘಟ್ಟದ ಆಚೀಗಿ ಉಳೀತು" ಎಂದೆ ಒಮ್ಮೆ. "ಧೂಳ ಬರ್ತದ" ಎಂದರು. ಮೂಡಣ ಕಿಟಕಿ ತೆರೆದೇ ಇರುತ್ತದೆ, ಧೂಳು ಅಲ್ಲಿಂದಲೇ ಬರುವುದು.

ಕುಬಸಕ್ಕೆ ಹಸಿರು ಸೀರೆ, ಖಣ, ಬಳೆ ಎಲ್ಲ ಅವರ ಕೈಲಿ ಕಳಿಸುತ್ತೇನೆ. ಸೀರೆ ಅವರೇ ಆರಿಸಿದ್ದು, ಬಣ್ಣ ಸ್ವಲ್ಪ ಗಾಢವಾಯಿತು, ಚೆನ್ನಾಗಿದೆ ಎಂದು ಹೇಳು. ಮಡಿಲು ತುಂಬುವಾಗ ನಾನು ಅಲ್ಲಿ ಇಲ್ಲವೆಂದು ಕಣ್ಣೀರು ಹಾಕಬೇಡ. ಹೆರಿಗೆ ಹಗುರಾಗಲಿ, ಕೂಸಿನ ಎದೆ ಗಟ್ಟಿಯಾಗಿರಲಿ. ಬಸವಣ್ಣ ನಿಮ್ಮನ್ನು ಕಾಯಲಿ.

ನಿನ್ನ ಅವ್ವ,
ಕಾಶಿಬಾಯಿ

ತಾ. ಕ.: ಮೇಲೆ ಬರೆದದ್ದು ಅರ್ಧ ನಿಜ. ಕೆಲಸಕ್ಕೆ ಬೇರೆಯವರ ಕೈಯಿದೆ. "ಮಗಳನ್ನು ಕರೆಸಿ, ಎಲ್ಲ ನಾನು ಮಾಡುತ್ತೇನೆ" ಎಂದು ರುಕ್ಮಿಣಿಬಾಯಿ ಹೇಳಿದ್ದಾಳೆ. ಮೊನ್ನೆ ಅವಳು ತನ್ನ ಮೊಮ್ಮಗಳನ್ನು ನನ್ನ ತೊಡೆಯ ಮೇಲೆ ಹಾಕಿದಳು. ನಿನಗೆ ಹಾಡುತ್ತಿದ್ದ ಜೋಗುಳವನ್ನೇ ಎತ್ತಿದೆ. ಸಾಲು ಮುಗಿಯುವ ಮೊದಲೇ ಉಸಿರು ಕಡಿಯಿತು. ಕೂಸು ನಕ್ಕಿತು. ಊಟಕ್ಕೆ ಕೂತಿದ್ದ ನಿನ್ನ ಅಪ್ಪ ತಟ್ಟೆಯಲ್ಲೇ ಕೈ ತೊಳೆದು, ಚಪ್ಪಲಿ ಕೂಡ ಮೆಟ್ಟದೆ ಹೊರಗೆ ಹೋದರು. ನೀನು ಬಂದರೆ ಈ ಮನೆಯಲ್ಲಿ ತೊಟ್ಟಿಲು ಕಟ್ಟಬೇಕು. ದಿನಾ ನಾನು ಹಾಡಬೇಕು, ದಿನಾ ಅವರು ಕೇಳಬೇಕು. ಮೊಮ್ಮಗುವಿನ ಆಸೆಯನ್ನು ಹೇಗೋ ನುಂಗಿಕೊಳ್ಳುತ್ತೇನೆ, ಅವರನ್ನು ಹಾಗೆ ನೋಡಲಾರೆ ಸುಶೀಲಾ. ಕುಬಸಕ್ಕೆ ಬಂದಾಗ ಅಲ್ಲಿಯೂ ಎದ್ದು ಕಿಟಕಿ ಮುಚ್ಚುತ್ತಾರೆ. ಯಾಕೆ ಎಂದು ಕೇಳಬೇಡ, ಮುಚ್ಚಲಿ.